ಪೊರೆ, ಬೇಲಿ, ಅಮ್ಮನ ಉಪ್ಪು

ಟಾರ್ಕಿನಾ ಷೆಡ್, ಯುಂಟಾದಿಂದ ಉತ್ತರಕ್ಕೆ
೧೪ ಫೆಬ್ರವರಿ ೨೦೧೬, ಭಾನುವಾರ

ರೇಲೀನ್,

ಹೋದ ಸೋಮವಾರ ಪೋರ್ಟ್ ಆಗಸ್ಟಾಕ್ಕೆ ಹೋಗಿ ಹಲ್ಲಿನ ಡಾಕ್ಟರಮ್ಮನ ಮುಂದೆ ಬಾಯಿ ಬಿಟ್ಟೆ. ಅಕ್ಕ ಬಾಯಿ ಬಿಟ್ಟರೆ ಮುಚ್ಚಿಸುವುದು ಕಷ್ಟ ಎಂದು ನೀನು ಯಾವಾಗಲೂ ಹೇಳುತ್ತೀ. ಆಕೆ ಮುಕ್ಕಾಲು ಗಂಟೆ ನನ್ನನ್ನು ಮುಚ್ಚಲಿಕ್ಕೇ ಬಿಡಲಿಲ್ಲ. ತೀರ್ಪು ಇದು: ನನ್ನ ಕೆಳಗಿನ ಹಲ್ಲುಗಳು ಮೇಲಿನವುಗಳ ಹಿಂದೆ ಅಡಗಿ ಕೂತು, ಅಂಗುಳದ ಒಸಡನ್ನು ದಿನವೂ ಕುಟ್ಟುತ್ತಿವೆ. ಐವತ್ಮೂರು ವರ್ಷ ಕುಟ್ಟಿಸಿಕೊಂಡ ಮೇಲಿನ ನಾಲ್ಕು ಈಗ ಅಲುಗಾಡಲು ಶುರುವಾಗಿವೆ. ಸಾಲು ನೆಟ್ಟಗೆ ಮಾಡಿಸಿದರೆ ಉಳಿಯುತ್ತವೆ. ಎರಡು ವರ್ಷ ಸುಮ್ಮನಿದ್ದರೆ ಉದುರುತ್ತವೆ, ಆಮೇಲೆ ಅಂಗುಳ ಮುಚ್ಚುವ ಕಟ್ಟುಹಲ್ಲಿನ ಪ್ಲೇಟು.

ಪ್ಲೇಟು ಅಂದ ಕೂಡಲೇ ನನಗೆ ಅಮ್ಮ ಕಣ್ಣ ಮುಂದೆ ಬಂದಳು. ಮದುವೆಗೆ ತಾತ ಕೊಟ್ಟ ಉಡುಗೊರೆ: ಇಪ್ಪತ್ತೊಂದು ವರ್ಷದ ಹುಡುಗಿಯ ಬಾಯಲ್ಲಿದ್ದ ಹಲ್ಲನ್ನೆಲ್ಲ ಕೀಳಿಸಿ, ಹೊಳೆಯುವ ಹೊಸ ಸೆಟ್ಟು. ಆಗಿನ ಮದುಮಗಳಿಗೆ ಅದು ಮರ್ಯಾದೆ. ಗಂಡನ ಮನೆಗೆ ಮುಂದೆ ಹಲ್ಲಿನ ತಾಪತ್ರಯವಿಲ್ಲ. ಅಂಗುಳ ಮುಚ್ಚಿದ ಮೇಲೆ ರುಚಿ ಹತ್ತದೆ, ಅವಳು ಸಾಯುವ ತನಕ ಪ್ರತಿ ಸ್ಟ್ಯೂನಲ್ಲೂ ಉಪ್ಪು ಒಂದು ಹಿಡಿ ಮುಂದೆ. ಅಪ್ಪ ಒಂದು ಮಾತೂ ಆಡದೆ ಎರಡು ಚೊಂಬು ನೀರು ಕುಡಿದು ಎದ್ದು ಹೋಗುತ್ತಿದ್ದ. ಅದೇ ಅಮ್ಮನ ಟೊಮೇಟೊ ಸಾಸಿನ ಉಪ್ಪನ್ನು ಅರ್ಧಕ್ಕಿಳಿಸಿ ನೀನು ಊರಿನ ವರ್ಷದ ಮೇಳದಲ್ಲಿ, ಷೋನಲ್ಲಿ, ಹನ್ನೊಂದು ಬಹುಮಾನದ ರಿಬ್ಬನ್ ಗೆದ್ದೆ.

ನಾನೋ, ನಾಲಿಗೆಯಿಂದ ಹೊಟ್ಟೆ ಹೊರೆಯುವವಳು. ಷೆಡ್ಡಿನಿಂದ ಷೆಡ್ಡಿಗೆ ಹೋಗಿ ಕುರಿಯ ಉಣ್ಣೆ ಕತ್ತರಿಸುವ ಒಂಬತ್ತು ಜನರಿಗೆ ದಿನಕ್ಕೆ ಐದು ಸಲ ಬೇಯಿಸಿ ಹಾಕುತ್ತೇನೆ. ಅಡುಗೆ ಕೆಟ್ಟರೆ ತಂಡದವರು ಕೈ ಎತ್ತಿ ಮತ ಹಾಕಿ ಅಡುಗೆಯವಳನ್ನು ಲಾರಿ ಹತ್ತಿಸುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ವಿರುದ್ಧ ಒಂದು ಬೆರಳೂ ಎದ್ದಿಲ್ಲ. ಆದ್ದರಿಂದ ಹಲ್ಲು ಉಳಿಸಿಕೊಳ್ಳುವುದು ಖಂಡಿತ. ಹೇಗೆ ಎಂಬುದೇ ಪ್ರಶ್ನೆ.

ಒಂದು, ಬೇಲಿಯ ಹಾಗೆ ಹಲ್ಲಿಗೆ ಅಂಟಿಸಿ ಬಿಗಿಯುವ ಕ್ಲಿಪ್ಪು, ತಂತಿ. ಎರಡು, ಅಲೈನರ್ ಎನ್ನುವ ಪಾರದರ್ಶಕ ಕವಚ. ಹಾವಿನ ಪೊರೆಯ ಹಾಗೆ ಹತ್ತು ದಿನಕ್ಕೊಂದು ಬದಲಾಯಿಸುತ್ತ ಹೋಗಬೇಕಂತೆ. ಬೇಲಿಯೋ ಪೊರೆಯೋ, ನೀನೇ ಹೇಳು. ಕಾಗದದಲ್ಲೇ ಹೇಳು. ಇಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕ್ ಮೇಲೆ ಹತ್ತಿದರೆ ಮಾತ್ರ, ಮತ್ತು ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೆ ಮಾತಾಡುತ್ತೇವೆ. ಕಾಗದದಲ್ಲಾದರೆ ಪಾಳಿ ಇರುತ್ತದೆ.

ನಿನ್ನ ಅಕ್ಕ,
ಗ್ಲೆನಿಸ್


ಮೂಂಟಾ
೨೦ ಫೆಬ್ರವರಿ

ಅಕ್ಕಾ,

ಕೇಳಿದೆಯಲ್ಲ, ಬರೆದುಕೋ. ಕ್ಲಿಪ್ ಹಾಕಿಸಿದರೆ ಆರು ವಾರಕ್ಕೊಮ್ಮೆ ಬಿಗಿಸಲು ಹೋಗಬೇಕು. ತಂತಿ ಚುಚ್ಚಿದರೆ ಮೇಣ ಮೆತ್ತಬೇಕು. ಸೇಬು, ಟಾಫಿ, ಹಂದಿಯ ಗರಿಗರಿ ಚರ್ಮ ಮುಟ್ಟುವ ಹಾಗಿಲ್ಲ. ಆದರೆ ಅದು ನಿನ್ನ ಮಾತು ಕೇಳುವುದಿಲ್ಲ, ತನ್ನ ಕೆಲಸ ತಾನು ಮಾಡುತ್ತದೆ. ಪೊರೆಗೆ ಮೂರು ತಿಂಗಳಿಗೊಮ್ಮೆ ಹೋದರೆ ಸಾಕು. ಡಾಕ್ಟರು ನಾನೂರು ಕಿಲೋಮೀಟರ್ ದೂರ ಇರುವ ನಿನಗೆ ಅದು ಸಲೀಸು. ಆದರೆ ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲಿರಬೇಕು. ತಿನ್ನುವಾಗ ತೆಗೆದು, ಹಲ್ಲುಜ್ಜಿ, ಮತ್ತೆ ಹಾಕಬೇಕು. ಬಿಸಿ ತಾಗಿದರೆ ಸೊಟ್ಟಗಾಗುತ್ತದೆ. ಚಹಾ ಬಿದ್ದರೆ ಬಣ್ಣ ಹಿಡಿಯುತ್ತದೆ.

ಯಾವುದಾದರೂ ಸರಿ. ಈ ತಿಂಗಳೇ ನಿರ್ಧಾರ ಮಾಡು. ಎರಡನ್ನೂ ತೂಗುತ್ತ ಕೂರಬೇಡ.

ರೇಲೀನ್


ಟಾರ್ಕಿನಾ ಷೆಡ್
೩ ಏಪ್ರಿಲ್

ಪ್ರೀತಿಯ ರೇಲೀನ್,

ನಿನಗೆ ಹಲ್ಲಿನ ವಿಷಯ ಇಷ್ಟು ಬಾಯಿಪಾಠ ಆದದ್ದು ಯಾವಾಗ? ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವವಳು ಅವನ್ನು ಓದುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರಮ್ಮನೂ ಪದಕ್ಕೆ ಪದ ಇದನ್ನೇ ಹೇಳಿದಳು. ಅಪ್ಪಣೆ ಕೊಡುವುದರಲ್ಲಿ ಮಾತ್ರ ನೀನು ಅವಳಿಗಿಂತ ಒಂದು ಕೈ ಮೇಲು.

ಪೊರೆಯನ್ನೇ ಆರಿಸಿದೆ. ಇಪ್ಪತ್ತಾರು ಜೊತೆ ಒಂದು ಡಬ್ಬಿಯಲ್ಲಿ ಬಂದಿವೆ, ಮೊದಲನೆಯದು ಈಗ ಬಾಯಲ್ಲಿದೆ. ಮೊದಲ ದಿನ ನಾಲಿಗೆ ತೊದಲಿತು. “ಸಾಸೇಜು ಸಿದ್ಧ” ಎಂದು ಕೂಗಿದರೆ ಷೆಡ್ಡಿನವರಿಗೆ ಹಾವು ಬಂದ ಹಾಗೆ ಕೇಳಿ ಎಲ್ಲರೂ ಬೆಂಚಿನ ಕೆಳಗೆ ನೋಡಿದರು. ನ್ಯೂಜಿಲೆಂಡಿನಿಂದ ಬಂದಿರುವ ವೈರೆಮು ಎಂಬ ಹುರಿಯಾಳು ಒಬ್ಬನಿದ್ದಾನೆ. ದಿನಕ್ಕೆ ನೂರೆಂಬತ್ತು ಕುರಿಯ ಉಣ್ಣೆ ಕತ್ತರಿಸುತ್ತಾನೆ, ಅಷ್ಟೇ ಮಾತನ್ನೂ ಕತ್ತರಿಸುತ್ತಾನೆ. ನನ್ನನ್ನು ಆಂಟಿ ಎನ್ನುತ್ತಾನೆ. ಗಾಜಿನ ಹಲ್ಲಿನ ಆಂಟಿ ನಕ್ಕರೆ ಒಡೆದೀತು ಎಂದು ಅವನಿಗೆ ಭಯವಂತೆ.

ಷೋ ಏನಾಯಿತು? ಹನ್ನೆರಡನೇ ರಿಬ್ಬನ್ ಗೋಡೆಗೆ ಏರಿತೇ?

ಗ್ಲೆನಿಸ್


ಮೂಂಟಾ
೧೨ ಏಪ್ರಿಲ್

ಅಕ್ಕಾ,

ಆರಿಸಿದೆಯಲ್ಲ, ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ದಿನಕ್ಕೆ ಎಷ್ಟು ಗಂಟೆ ಬಾಯಲ್ಲಿರುತ್ತದೆ ಎಂದು ಮಾತ್ರ ಪ್ರತಿ ಕಾಗದದಲ್ಲೂ ಬರೆ.

ಅಂಚೆ ಲಾರಿಯಲ್ಲಿ ಈ ವರ್ಷದ ಸಾಸು ಹನ್ನೆರಡು ಬಾಟಲಿ ಕಳಿಸಿದ್ದೇನೆ. ಟೊಮೇಟೊ ಚೆನ್ನಾಗಿ ಬಂದಿತ್ತು. ನಮ್ಮಲ್ಲಿ ಗಾಳಿ ಜೋರು, ಜೆಟ್ಟಿಯ ಹತ್ತಿರ ಯಾರೂ ಗಾಳ ಹಾಕುತ್ತಿಲ್ಲ. ಬೇರೇನೂ ವಿಶೇಷವಿಲ್ಲ.

ರೇಲೀನ್


ಮೂನ್‌ಡಾರಿ ಷೆಡ್
೮ ಮೇ

ಪ್ರೀತಿಯ ರೇಲೀನ್,

ಟಾರ್ಕಿನಾ ಮುಗಿಸಿ ಇಲ್ಲಿಗೆ ಬಂದೆವು. ಒಲೆ ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ಸುಮ್ಮನಿರುತ್ತದೆ. ಥೇಟ್ ನಮ್ಮ ಅಪ್ಪ ಅಮ್ಮನ ಸಂಸಾರ. ನಾಲ್ಕನೇ ಪೊರೆ ನಡೆಯುತ್ತಿದೆ. ದಿನಕ್ಕೆ ಇಪ್ಪತ್ತೆರಡು ಗಂಟೆ, ಅಥವಾ ಅದರ ಆಸುಪಾಸು. ಹಲ್ಲು ಸರಿಯುತ್ತಿದೆ ಅನ್ನಿಸುತ್ತದೆ. ಎಲ್ಲ ಚೆನ್ನಾಗಿದೆ.

ಸಾಸು ಬಂತು. ಹುಡುಗರು ಬಹಳ ಮೆಚ್ಚಿದರು. ಬಾಟಲಿ ಮೇಜಿನ ಮೇಲೆಯೇ ಇದೆ.

ಷೋ ವಿಷಯ ನೀನು ಬರೆಯಲಿಲ್ಲ. ಹನ್ನೆರಡು ಆದಮೇಲೆ ರಿಬ್ಬನ್ನಿಗೆ ಬೆಲೆ ಇಲ್ಲವೇನು? ಬೀಗಬೇಡ.

ಗ್ಲೆನಿಸ್


ಮೂಂಟಾ
೧೬ ಮೇ

ಅಕ್ಕಾ,

‘ಆಸುಪಾಸು’ ಅಂದರೆ ಎಷ್ಟು ಗಂಟೆ? ಕನ್ನಡಿಯ ಮುಂದೆ ನಿಂತು, ಪೊರೆಯ ತುದಿಗೂ ಹಲ್ಲಿನ ತುದಿಗೂ ನಡುವೆ ಸಂದಿ ಕಾಣುತ್ತದೆಯೇ ನೋಡು. ಕಂಡರೆ ಹಲ್ಲು ಸರಿಯುತ್ತಿಲ್ಲ ಎಂದರ್ಥ, ನೀನು ಡಬ್ಬಿಯಲ್ಲಿನ ನಂಬರು ಮಾತ್ರ ಮುಂದಕ್ಕೆ ಸರಿಸುತ್ತಿದ್ದೀ ಎಂದರ್ಥ.

ನಿಜ ಬರೆ.

ರೇಲೀನ್


ಮೂನ್‌ಡಾರಿ ಷೆಡ್
೧೯ ಜೂನ್

ರೇಲೀನ್,

ನಿಜ ಬೇಕೇ? ತಗೋ.

ಬೆಳಿಗ್ಗೆ ನಾಲ್ಕೂವರೆಗೆ ಒಲೆ ಹಚ್ಚಿದರೆ ತಿಂಡಿ, ಒಂಬತ್ತೂವರೆಯ ಸ್ಮೋಕೋ ಅಂದರೆ ವಿರಾಮದ ಚಹಾ, ಮಧ್ಯಾಹ್ನದ ಊಟ, ಮೂರರ ಸ್ಮೋಕೋ, ಸಂಜೆಯ ಊಟ. ಐದು ಊಟಕ್ಕೆ ಐದು ಸಲ ತೆಗೆದು ಹಾಕಿದರೆ ಮುಗಿಯಿತು ಎಂದು ಡಾಕ್ಟರಮ್ಮ ಲೆಕ್ಕ ಹಾಕಿದ್ದಳು. ಊಟ ಮಾಡುವವರ ಲೆಕ್ಕ ಅದು. ಅಡುಗೆ ಮಾಡುವವಳು ಊಟ ಮಾಡುವುದಿಲ್ಲ, ರುಚಿ ನೋಡುತ್ತಾಳೆ. ಗ್ರೇವಿಗೆ ಮೂರು ಸಲ, ಕಸ್ಟರ್ಡಿಗೆ ಎರಡು, ಸೂಪಿಗೆ ಲೆಕ್ಕವಿಲ್ಲ. ಪ್ರತಿ ಚಮಚಕ್ಕೂ ಹಲ್ಲುಜ್ಜುತ್ತ ನಿಂತರೆ ಮಾಂಸ ಸೀಯುತ್ತದೆ. ಹಾಗಾಗಿ ಬೆಳಿಗ್ಗೆ ತೆಗೆದು ಏಪ್ರನ್ ಜೇಬಿಗೆ ಹಾಕಿದ್ದು, ಸಂಜೆ ಏಳಕ್ಕೇ ಮತ್ತೆ ಬಾಯಿಗೆ. ಬಾಯಲ್ಲಿ ಒಂಬತ್ತು ಗಂಟೆ, ಜೇಬಿನಲ್ಲಿ ಹದಿನೈದು. ನನ್ನ ಜೇಬು ಈಗ ಬಹಳ ನೆಟ್ಟಗಿದೆ.

ನಿನ್ನ ಮೇ ತಿಂಗಳ ಕಾಗದ ಓದಿ ಕನ್ನಡಿ ನೋಡಿದೆ. ಸಂದಿಯಲ್ಲಿ ಬೆಂಕಿಕಡ್ಡಿ ತೂರುವಷ್ಟು ಜಾಗ. ಹಟ ಬಂತು. ಎರಡು ವಾರ ಪೊರೆ ತೆಗೆಯದೆ, ರುಚಿ ನೋಡದೆ, ಅಂದಾಜಿನ ಮೇಲೆ ಅಡುಗೆ ಮಾಡಿದೆ. ಇಪ್ಪತ್ತೆರಡು ವರ್ಷದ ಕೈ ತಪ್ಪಲಾರದು ಎಂದುಕೊಂಡೆ. ಕೈ ತಪ್ಪಲಿಲ್ಲ, ಒಲೆ ತಪ್ಪಿತು, ಅಕ್ಕಪಕ್ಕದ ಡಬ್ಬಿ ತಪ್ಪಿತು. ಒಂದು ದಿನ ಗ್ರೇವಿ ಸಪ್ಪೆ, ಇನ್ನೊಂದು ದಿನ ಕಸ್ಟರ್ಡಿಗೆ ಸಕ್ಕರೆಯ ಬದಲು ಉಪ್ಪು. ನಡುವೆ ಒಂದು ದಿನ ತಡೆಯಲಾರದೆ ಪೊರೆ ಹಾಕಿಕೊಂಡೇ ಬಿಸಿ ಗ್ರೇವಿ ನೆಕ್ಕಿದೆ. ಅದು ಬಾಯಲ್ಲೇ ಸೊಟ್ಟಗಾಯಿತು. ತೆಗೆದು ಕಿಟಕಿಯ ಮೇಲಿಟ್ಟರೆ ಬಿಷಪ್ ಎಂಬ ಕುರಿ ಕಾಯುವ ನಾಯಿ ಕಚ್ಚಿಕೊಂಡು ಹೋಯಿತು. ಅದರ ಹಲ್ಲು ಮೊದಲೇ ನೆಟ್ಟಗಿದ್ದವು, ಈಗ ಇನ್ನೂ ನೆಟ್ಟಗಾಗಿರಬೇಕು.

ಶುಕ್ರವಾರ ಮತ ಹಾಕಿದರು. ಒಂಬತ್ತು ಜನರಲ್ಲಿ ನಾಲ್ಕು ಕೈ ಎದ್ದವು. ಐದನೆಯದೂ ಎದ್ದಿದ್ದರೆ ನಾನು ಲಾರಿ ಹತ್ತಬೇಕಿತ್ತು. ಅದು ವೈರೆಮುದು, ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ರೇಲೀನ್.

ಅವತ್ತೇ ಪೊರೆಯ ಡಬ್ಬಿ ಮುಚ್ಚಿದೆ. ಹಲ್ಲಿಗಾಗಿ ನಾಲಿಗೆ ಬಿಡಲಾರೆ, ನಾಲಿಗೆಗಾಗಿ ಹಲ್ಲನ್ನೂ ಬಿಡಲಾರೆ. ಅಂಟಿಸಿದರೆ ತೆಗೆಯಲು ಬಾರದ ಕ್ಲಿಪ್ಪೇ ನನಗೆ ಸರಿ: ಬಾಯಲ್ಲಿ ಬೇಲಿ ಹಾಕಿಕೊಂಡೇ ಚಮಚ ನೆಕ್ಕಬಹುದು. ಆರು ವಾರಕ್ಕೊಮ್ಮೆ ಪೋರ್ಟ್ ಆಗಸ್ಟಾಕ್ಕೆ ಹೋಗಿಬರುವುದು ಹೇಗೆ ಎಂದು ಇನ್ನೂ ಗೊತ್ತಿಲ್ಲ. ಹೋಗುವುದಂತೂ ಹೌದು.

ನಿಜ ಶುರು ಮಾಡಿದ ಮೇಲೆ ಪೂರ್ತಿ ಹೇಳಿಬಿಡುತ್ತೇನೆ. ನಿನ್ನ ಸಾಸನ್ನು ಯಾರೂ ಮೆಚ್ಚಲಿಲ್ಲ. ಅದು ಬರೀ ಉಪ್ಪು. ಮೊದಲ ತುತ್ತಿಗೇ ವೈರೆಮು ಬಾಟಲಿ ತಿರುಗಿಸಿ ಚೀಟಿ ಓದಿದ. “ಆಂಟಿ, ನಿಮ್ಮ ತಂಗಿ ಮನೆ ಸಮುದ್ರದ ಪಕ್ಕಾನಾ? ಹಂಗಾದ್ರೆ ಸರಿ. ಅಲೆ ಬಂದು ಪಾತ್ರೆಗೆ ಬಿದ್ದಿರ್ಬೇಕು” ಅಂದ. ಹನ್ನೊಂದು ರಿಬ್ಬನ್ ತಲೆಗೆ ಏರಿ, ರುಚಿ ನೋಡದೆ ತುಂಬಿಸಿದೆಯಾ? ನನಗೆ ಗಂಟೆ ಎಣಿಸಲು ಹೇಳುವವಳು ಎರಡು ಸಲ ಉಪ್ಪು ಹಾಕಿದ್ದನ್ನು ಎಣಿಸಲಿಲ್ಲವೇ?

ಗ್ಲೆನಿಸ್


ಮೂಂಟಾ
೨೭ ಜೂನ್

ಬಾಟಲಿಗಳನ್ನು ವಾಪಸ್ ಕಳಿಸು, ಚೆಲ್ಲುತ್ತೇನೆ. ಕ್ಲಿಪ್ ಹಾಕಿಸುವುದಾದರೆ ಈ ತಿಂಗಳೇ ಹಾಕಿಸು.

ರೇ.


ಮೂನ್‌ಡಾರಿ ಷೆಡ್
೩ ಜುಲೈ

ರೇಲೀನ್,

ನಿನ್ನ ಎರಡು ಸಾಲು ಓದಿ ಸಿಟ್ಟು ಬಂತು. ಬಿರುಸಾಗಿ ಉತ್ತರ ಬರೆದು ಲಕೋಟೆಗೂ ಹಾಕಿದ್ದೆ. ಅಂಚೆ ಲಾರಿ ಬರುವ ಮೊದಲು ಕುರಿ ಹಟ್ಟಿಯ ಹತ್ತಿರ ಹೋಗಬೇಕಾಯಿತು. ಅಲ್ಲಿಂದ ಬಂದ ಮೇಲೆ ಅದನ್ನು ಒಲೆಗೆ ಹಾಕಿದೆ.

ಲೆಸ್ ಎಂಬ ಮುದುಕ ಇಲ್ಲಿ ಹೆಣ್ಣು ಕುರಿಗಳನ್ನು ಆರಿಸುತ್ತಾನೆ. ಒಂದೊಂದರ ತುಟಿ ಮೇಲೆತ್ತಿ ಹಲ್ಲು ನೋಡುತ್ತಾನೆ. ಹಲ್ಲು ಪೂರ್ತಿ ಇದ್ದರೆ ಬಲಗಡೆಯ ಗೇಟು, ಮುರಿದಿದ್ದರೆ ಎಡಗಡೆ, ಕಸಾಯಿಖಾನೆಯ ಲಾರಿಗೆ. ನಾನು ಚಹಾ ಕೊಡಲು ಹೋದಾಗ ಒಂದು ಕುರಿ ಅವನ ಮೊಣಕಾಲಿನ ನಡುವೆ ಬಾಯಿ ಬಿಗಿದು ನಿಂತಿತ್ತು. ಪಕ್ಕೆಲುಬು ಎಣಿಸಬಹುದು. ಪಾಪ, ಮೇವಿಲ್ಲವೇನು ಎಂದು ಕೇಳಿದೆ.

“ಮೇವು ಮೂಗಿನ ಮುಂದೇನೇ ಇದೆ, ಗ್ಲೆನಿಸ್,” ಅಂದ. “ಕಚ್ಚಕ್ಕಾಗ್ತಿಲ್ಲ, ಅಷ್ಟೇ. ಹಿಂಡಿನ ಜೊತೇಲೇ ತಲೆ ಬಗ್ಗಿಸ್ಕೊಂಡು ನಿಂತಿರ್ತಾಳೆ, ನೋಡಿದೋರು ಮೇಯ್ತಿದಾಳೆ ಅಂದ್ಕೋತಾರೆ. ತುಟಿ ಎತ್ತಿ ನೋಡೋತನಕ ಗೊತ್ತಾಗಲ್ಲ.”

ಚಹಾ ಅಲ್ಲೇ ಇಟ್ಟು ಬಂದುಬಿಟ್ಟೆ.

ಹೋದ ಕ್ರಿಸ್‌ಮಸ್ಸಿಗೆ ನೀನು ಜೋಳದ ತೆನೆ ಮುಟ್ಟಲಿಲ್ಲ, ಕಾಳು ಬಿಡಿಸಿಕೊಂಡು ಚಮಚದಲ್ಲಿ ತಿಂದೆ. ತೆಗೆಸಿದ ಫೋಟೋದಲ್ಲಿ ತುಟಿ ಮುಚ್ಚಿ ನಕ್ಕಿದ್ದೀ. ಗಂಭೀರವಾಗಿದ್ದಾಳೆ, ಗ್ರಂಥಾಲಯದ ಗಾಳಿ ಎಂದು ಎಲ್ಲರ ಮುಂದೆ ನಿನ್ನನ್ನು ಆಡಿಕೊಂಡೆ. ಷೋ ಬಗ್ಗೆ ಎರಡು ಸಲ ಕೇಳಿದೆ, ಎರಡು ಸಲವೂ ನೀನು ಉತ್ತರಿಸಲಿಲ್ಲ. ಪೊರೆ, ತಂತಿ, ಮೇಣ, ಹಲ್ಲಿನ ತುದಿಯ ಸಂದಿ, ಎಲ್ಲ ನಿನಗೆ ಗೊತ್ತು. ಮತ್ತು ಆ ಉಪ್ಪು ನಿನ್ನದಲ್ಲ. ಅದು ಅಮ್ಮನ ಉಪ್ಪು.

ಸಾಸು ಹಾಗೆ ಬಂದದ್ದಕ್ಕೆ ನಿನ್ನನ್ನು ಆಡಿಕೊಂಡದ್ದು ತಪ್ಪಾಯಿತು. ಈಗ ನೀನು ಬಾಯಿ ಬಿಡು, ರೇಲೀನ್.

ಅಕ್ಕ


ಮೂಂಟಾ
೯ ಜುಲೈ

ಅಕ್ಕಾ,

ಮೇಲಿನ ನಾಲ್ಕು ಹೋಗಿವೆ. ಹೋದ ಸೆಪ್ಟೆಂಬರಿನಲ್ಲಿ. ಅಂಗುಳದ ಮೇಲೆ ಗುಲಾಬಿ ಬಣ್ಣದ ಪ್ಲೇಟು ಕೂತಿದೆ. ನಿನ್ನ ಬಾಯಿಯೇ ನನ್ನ ಬಾಯಿ. ಅದೇ ಸಾಲು, ಅದೇ ಕುಟ್ಟಾಣಿ. ನನಗೆ ನಲವತ್ತೊಂದಾಗಿದ್ದಾಗಲೇ ಡಾಕ್ಟರು ಹೇಳಿದ್ದರು, ಕ್ಲಿಪ್ಪೋ ಅಲೈನರೋ ಯಾವುದಾದರೂ ಆರಿಸಿಕೊಳ್ಳಿ ಎಂದು. ನಾನು ಆರಿಸಲು ಕೂತೆ. ಕ್ಲಿಪ್ ಹಾಕಿದರೆ ಗ್ರಂಥಾಲಯಕ್ಕೆ ಬರುವ ಮಕ್ಕಳು ನಗುತ್ತಾರೆ ಎಂದು ಒಂದು ವರ್ಷ. ಪೊರೆ ಹಾಕಿದರೆ ಮರೆತು ಎಲ್ಲೋ ಇಡುತ್ತೇನೆ ಎಂದು ಇನ್ನೊಂದು ವರ್ಷ. ಹೊಸ ನಮೂನೆ ಬರುತ್ತದಂತೆ, ನೋಡೋಣ ಎಂದು ಮತ್ತೊಂದು. ಎರಡರ ಕೈಪಿಡಿಗಳೂ ಅಡುಗೆಮನೆಯ ಖಾನೆಯಲ್ಲಿ ತುಂಬಿವೆ. ಎರಡರ ಗುಣದೋಷ ನನ್ನಷ್ಟು ಚೆನ್ನಾಗಿ ಈ ಕರಾವಳಿಯಲ್ಲಿ ಯಾರಿಗೂ ಗೊತ್ತಿಲ್ಲ. ತೂಗುತ್ತ ತೂಗುತ್ತ ಏಳು ವರ್ಷ. ಹಲ್ಲು ಅಷ್ಟು ಹೊತ್ತು ಕಾಯಲಿಲ್ಲ.

ನಿನಗೆ ಹೇಳಲಿಲ್ಲ. ನಾಲಿಗೆಯ ರುಚಿ ಹೋದದ್ದು ನನಗೇ ಗೊತ್ತಾಗಿರಲಿಲ್ಲ. ಮಾರ್ಚಿನ ಷೋನಲ್ಲಿ ತೀರ್ಪುಗಾರ್ತಿ ನನ್ನ ಸಾಸಿನ ಚಮಚ ಬಾಯಿಗಿಟ್ಟು, ನೀರಿನ ಲೋಟ ಎತ್ತಿದಳು. ಅಪ್ಪನೇ ಕಂಡ ಹಾಗಾಯಿತು. ಚೀಟಿಯ ಮೇಲೆ ಒಂದು ಅಂಕವೂ ಇಲ್ಲ. ಆದರೂ ನಂಬಲಿಲ್ಲ, ಅವಳಿಗೇ ನಾಲಿಗೆಯಿಲ್ಲ ಅಂದುಕೊಂಡು ಅದೇ ಸಾಸನ್ನು ನಿನಗೆ ಕಳಿಸಿದೆ. ನೀನು ಸುಳ್ಳು ಹೇಳುವವಳಲ್ಲ, ನೀನು ಮೆಚ್ಚಿದರೆ ಸರಿಯಿದೆ ಎಂದು. ನೀನು ಮೆಚ್ಚಿದೆ ಎಂದೇ ಬರೆದೆ. ಒಂದು ತಿಂಗಳು ನಾನು ಅದನ್ನು ನಂಬಿಕೊಂಡು ಚೆನ್ನಾಗಿದ್ದೆ.

ಅಳುತ್ತಿದ್ದೇನೆಂದು ತಿಳಿಯಬೇಡ. ಈರುಳ್ಳಿ ಹೆಚ್ಚುತ್ತಿದ್ದೇನೆ.

ಹಾಕಿಸಿದೆಯಾ?

ರೇಲೀನ್


ಬುಂಡೀನಾ ಷೆಡ್
೧೪ ಆಗಸ್ಟ್

ಪ್ರೀತಿಯ ರೇಲೀನ್,

ಹಾಕಿಸಿದೆ. ಮೇಲೆ ಕೆಳಗೆ, ಈ ಕೊನೆಯಿಂದ ಆ ಕೊನೆಗೆ ಬೇಲಿ. ನಾಲ್ಕು ದಿನ ಆಲೂಗಡ್ಡೆ ಕಿವುಚಿ ಕುಡಿದೆ. ತುಟಿ ಒಳಗೆಲ್ಲ ಕಿತ್ತುಹೋಯಿತು, ಮೇಣ ಮೆತ್ತಿದೆ. ಐದನೇ ದಿನ ಗ್ರೇವಿಯ ಚಮಚ ಬಾಯಿಗಿಟ್ಟೆ. ಪೂರ್ತಿ ರುಚಿ ಹತ್ತಿತು, ರೇಲೀನ್. ಮೆಣಸು ಎಲ್ಲಿದೆ, ಈರುಳ್ಳಿ ಎಲ್ಲಿದೆ, ಕೊಬ್ಬು ಎಷ್ಟಿದೆ, ಒಂದೊಂದೂ ಬೇರೆ ಬೇರೆ.

ತಂಡದವರನ್ನು ಕೂರಿಸಿ ಮೊದಲೇ ಹೇಳಿದೆ: ಆರು ವಾರಕ್ಕೊಂದು ಸೋಮವಾರ ನಾನು ಇರುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಹೊರಟು ಸಂಜೆಗೆ ಬರುತ್ತೇನೆ. ಆ ದಿನ ತಣ್ಣಗಿನ ಮಾಂಸ, ರೊಟ್ಟಿ. ಒಲೆ ಹಚ್ಚುವುದು ನೀವು. ಒಪ್ಪದಿದ್ದರೆ ಈಗಲೇ ಕೈ ಎತ್ತಿ. ಯಾರೂ ಎತ್ತಲಿಲ್ಲ. ಹೋದ ಸಲ ಎತ್ತಿದ್ದ ಒಬ್ಬ ಒಲೆಯ ಪಾಳಿಗೆ ತನ್ನ ಹೆಸರನ್ನೇ ಮೊದಲು ಬರೆದ. ವೈರೆಮು ಮಾತ್ರ, ಆಂಟಿಯ ಬೇಲಿ ಹಾರಿ ಇನ್ನು ಬೈಗುಳ ಹೊರಗೆ ಬರಲಾರದು ಎಂದು ಸಂತೋಷಪಟ್ಟ. ಒಂದು ಹಾರಿಸಿ ತೋರಿಸಿದೆ.

ಸೇಬು, ಟಾಫಿ, ಹಂದಿಯ ಗರಿಗರಿ ಚರ್ಮ ಬಿಟ್ಟೆ. ಐದು ಊಟಕ್ಕೆ ಐದು ಸಲ ಹಲ್ಲುಜ್ಜುತ್ತೇನೆ. ಇನ್ನು ಇಪ್ಪತ್ತೆರಡು ತಿಂಗಳು.

ಈಗ ಕೇಳು. ನೀನು ಸಾಸು ಮಾಡುವುದನ್ನು ಬಿಡಕೂಡದು. ಟೊಮೇಟೊ ಆರಿಸುವುದು, ಕುದಿಸುವುದು, ಜರಡಿ ಹಿಡಿಯುವುದು ಎಲ್ಲ ನಿನ್ನ ಕೈಯಲ್ಲಿದೆ, ಪ್ಲೇಟಿನಲ್ಲಿಲ್ಲ. ಉಪ್ಪು ಮಾತ್ರ ಹಾಕಬೇಡ. ಚಳಿಗಾಲಕ್ಕೆಂದು ಟೊಮೇಟೊ ತಿರುಳು ಕಟ್ಟಿಟ್ಟಿರುತ್ತೀಯಲ್ಲ, ಅದರಲ್ಲೇ ಮಾಡಿ ಮೂರು ಬಾಟಲಿ ಸಪ್ಪೆಯಾಗಿ ಕಳಿಸು, ಉಪ್ಪು ಎಷ್ಟೆಂದು ನನ್ನ ನಾಲಿಗೆ ಹೇಳುತ್ತದೆ. ಅಪ್ಪ ನೀರು ಕುಡಿದು ಎದ್ದು ಹೋದ. ನಾನು ಇನ್ನು ಹಾಗೆ ಮಾಡುವವಳಲ್ಲ. ಹುಡುಗರು ಮೆಚ್ಚಿದರು ಎಂದು ನಿನಗೆ ಸುಳ್ಳು ಬರೆದಾಗ ನಾನೂ ಅಪ್ಪನ ಹಾಗೆಯೇ ಮಾಡಿದ್ದೆ. ಅದು ಕೊನೆಯ ಸಲ.

ಅಕ್ಕ


ಮೂಂಟಾ
೧ ಸೆಪ್ಟೆಂಬರ್

ಅಕ್ಕಾ,

ಮೂರು ಬಾಟಲಿ ಕಳಿಸಿದ್ದೇನೆ. ಸಪ್ಪೆ. ಅಳತೆ ಎಂದೂ ಬರೆದಿಟ್ಟವಳಲ್ಲ ನಾನು, ನಾಲಿಗೆಯೇ ಅಳತೆಯಾಗಿತ್ತು. ಈಗ ಖಾನೆಯಲ್ಲಿದ್ದ ಕೈಪಿಡಿಗಳನ್ನೆಲ್ಲ ಎಸೆದು, ಆ ಜಾಗದಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ಪುಟ ಖಾಲಿಯಿದೆ.

ನಿನ್ನೆ ಗ್ರಂಥಾಲಯದಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಒಬ್ಬ ಹುಡುಗಿ ಕೈ ಅಡ್ಡ ಹಿಡಿದು ಪುಸ್ತಕ ಕೇಳಿದಳು. ನಾನು ಅವಳ ಎದುರಿಗೆ ಪ್ಲೇಟು ಕಾಣುವಷ್ಟು ಅಗಲವಾಗಿ ನಕ್ಕೆ. ಹೆದರಿದಳೋ ಏನೋ. ಕೈಯಂತೂ ಕೆಳಗಿಳಿಯಿತು.

ರೇಲೀನ್


ಬುಂಡೀನಾ ಷೆಡ್
೧೮ ಸೆಪ್ಟೆಂಬರ್

ಪ್ರೀತಿಯ ರೇಲೀನ್,

ಬಾಟಲಿ ಒಂದೂ ಒಡೆಯದೆ ಬಂದವು. ಇವತ್ತು ಭಾನುವಾರ, ಒಲೆಗೆ ರಜೆ. ಮೇಜಿನ ಮೇಲೆ ಸಾಲಾಗಿ ಇಟ್ಟು ಕೂತೆ.

ಮೊದಲನೆಯದಕ್ಕೆ ಒಂದು ಚಮಚ ಉಪ್ಪು ಹಾಕಿದೆ. ಚೆನ್ನಾಗಿದೆ, ಆದರೆ ಹಿಂದೆ ಏನೋ ಬಾಕಿ ಉಳಿಯುತ್ತದೆ. ಎರಡನೆಯದಕ್ಕೆ ಎರಡು. ಬಾಯಿಗಿಟ್ಟ ಕೂಡಲೇ ಅಮ್ಮ ಅಡುಗೆಮನೆಗೆ ಬಂದು ನಿಂತಳು. ಅದನ್ನು ಚೆಲ್ಲಲಿಲ್ಲ, ಮುಚ್ಚಿ ಇಟ್ಟುಕೊಂಡಿದ್ದೇನೆ. ಮೂರನೆಯದನ್ನು ಚಿಟಿಕೆ ಚಿಟಿಕೆಯಾಗಿ ಏರಿಸುತ್ತ, ಪ್ರತಿ ಸಲವೂ ನೀರು ಮುಕ್ಕಳಿಸಿ, ಬೇಲಿಯ ಸಂದಿಯಿಂದ ನಾಲಿಗೆ ಆಡಿಸಿ ನೋಡಿದೆ. ಒಂದು ಕಡೆ ಕೈ ನಿಂತಿತು. ನಿನ್ನ ಹನ್ನೊಂದು ರಿಬ್ಬನ್ನಿನ ಸಾಸು ಅದು, ಆಣೆ.

ನನ್ನ ಮಾತಿನ ಮೇಲೆ ಈಗ ನಿನಗೆ ನಂಬಿಕೆ ಇರಲಾರದು. ಅದಕ್ಕೇ ವೈರೆಮುವನ್ನು ಕರೆದು, ಮೂರನೆಯ ಬಾಟಲಿಯನ್ನು ಅದೇನು ಎಂದು ಹೇಳದೆ ಮುಂದಿಟ್ಟೆ. ಅವನು ರೊಟ್ಟಿಯಿಂದ ತಟ್ಟೆ ಒರೆಸಿ, ಮತ್ತೆ ಸುರಿದುಕೊಂಡು, ಮತ್ತೆ ಒರೆಸಿದ. ಕೊನೆಗೆ ಖಾಲಿ ಬಾಟಲಿ ಎತ್ತಿ ಶಂಖ ಹಿಡಿದ ಹಾಗೆ ಕಿವಿಗೆ ಹಿಡಿದ.

“ಸಮುದ್ರ ಕೇಳಿಸ್ತಿಲ್ಲ, ಆಂಟಿ,” ಅಂದ.

ಮೊದಲ ಪುಟದಲ್ಲಿ ಬರೆದುಕೋ: ಬಾಟಲಿಗೆ ಒಂದೂಕಾಲು ಚಮಚ ಉಪ್ಪು, ತಲೆ ಸವರಿ ಸಮ ಮಾಡಿ.

ನಿನ್ನ ಅಕ್ಕ,
ಗ್ಲೆನಿಸ್